ಉಳುವವರ ಕೈಗೆ ಪಹಣಿ ಕೊಟ್ಟ ದೇವರಾಜ ಅರಸು

ನಮ್ಮ ಸಹಕಾರ ಸಂಘವು ಬೆಳ್ಳಿಹಬ್ಬ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಒಬ್ಬ ಹಿರಿಯರನ್ನು ನೆನೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ. ಬೆಳೆಸಾಲ ಬೇಕೆಂದು ಬಂದ ರೈತನಿಗೆ ಸಂಘದಲ್ಲಿ ಮೊದಲು ಕೇಳುವುದೇ ಪಹಣಿ. ಹೊಲ ಉಳುವವನ ಹೆಸರು ಪಹಣಿಯಲ್ಲಿ ಬರಬೇಕೆಂದು ಹಟ ಹಿಡಿದು ಮಾಡಿಸಿದವರು ಶ್ರೀ ಡಿ. ದೇವರಾಜ ಅರಸು ಅವರು.

ಅರಸು ಅವರು 1915ರ ಆಗಸ್ಟ್ 20ರಂದು ಮೈಸೂರು ಜಿಲ್ಲೆಯ ಹುಣಸೂರು ತಾಲೂಕಿನ ಕಲ್ಲಹಳ್ಳಿಯಲ್ಲಿ ಹುಟ್ಟಿದರು. ಜಮೀನಿದ್ದ ಮನೆತನ. ಓದು ಮುಗಿಸಿ ಊರಿಗೆ ಬಂದು ಬೇಸಾಯಕ್ಕೆ ನಿಂತರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆರಿಸಿಬಂದರು. 1942ರ ಚಳವಳಿಯಲ್ಲಿ ಜೈಲು ಕಂಡರು. 1952ರಿಂದ ಹುಣಸೂರಿನ ಶಾಸಕರಾದರು. 1972ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿಯಾದರು.

ಆ ಹೊತ್ತಿಗೆ ನಮ್ಮ ಬೀದರ ಭಾಗದ ಮಂದಿಗೆ ಭೂಮಿ ಕಾನೂನು ಹೊಸದೇನಲ್ಲ. ನಾವು ನಿಜಾಮರ ಸೀಮೆಯವರು. 1949ರಲ್ಲಿ ಹೈದರಾಬಾದ ಸರ್ಕಾರ ಜಾಗೀರುಗಳನ್ನು ರದ್ದು ಮಾಡಿ ಜಾಗೀರದಾರರಿಗೆ ಪರಿಹಾರ ಗೊತ್ತುಮಾಡಿತು. 1950ರ ಹೈದರಾಬಾದ ಗೇಣಿ ಕಾಯ್ದೆ ರಕ್ಷಿತ ಕೌಲುದಾರ ಎಂಬ ಹಕ್ಕು ಕೊಟ್ಟಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಅಲ್ಲಿಯ 1961ರ ಕಾಯ್ದೆ ಜಾರಿಗೆ ಬಂದದ್ದು 1965ರಲ್ಲಿ. ಆದರೆ ಅದರಲ್ಲಿ ಮಾಲಕರಿಗೆ ಹೊಲ ಹಿಂದಕ್ಕೆ ಪಡೆಯುವ ದಾರಿಗಳು ಬಹಳ ಇದ್ದವು.

ಅರಸು ಆ ದಾರಿಗಳನ್ನು ಮುಚ್ಚಿದರು. 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿಯಂತೆ ಗೇಣಿಗೆ ಕೊಟ್ಟ ಭೂಮಿಯೆಲ್ಲ ಸರ್ಕಾರದ ವಶವಾಯಿತು. ಉಳುವಾತ ನಮೂನೆ 7ರಲ್ಲಿ ಅರ್ಜಿ ಹಾಕಿ, ಗೊತ್ತಾದ ಹಣ ಕಟ್ಟಿ, ಒಡೆಯನಾಗಬೇಕು. ಅರ್ಜಿ ತೀರ್ಮಾನಿಸಲು ತಾಲೂಕುಗಳಲ್ಲಿ ಭೂ ನ್ಯಾಯಮಂಡಳಿ ಕುಳಿತವು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಜನರಿಂದಲೇ ಬಂದ ಸದಸ್ಯರು, ಅವರಲ್ಲಿ ಒಬ್ಬರು ಪರಿಶಿಷ್ಟರು. ವಕೀಲರಿಗೆ ಮೊದಲು ಪ್ರವೇಶವಿರಲಿಲ್ಲ. ವಕೀಲರಿಗೆ ಕೊಡಲು ರೊಕ್ಕವಿಲ್ಲದವನೂ ಧೈರ್ಯವಾಗಿ ನಿಂತು ತನ್ನ ಮಾತು ಹೇಳಬಹುದಾಗಿತ್ತು. ಅರ್ಜಿಗಳು 8 ಲಕ್ಷದಷ್ಟು ಬಂದವು. ಲಕ್ಷಾಂತರ ಮನೆಗಳಿಗೆ ಹಕ್ಕು ಸಿಕ್ಕಿತು.

ಇಲ್ಲಿ ಇನ್ನೊಂದು ಬದಿಯನ್ನೂ ಹೇಳದಿದ್ದರೆ ನಾವು ನ್ಯಾಯ ಮಾಡಿದಂತಾಗುವುದಿಲ್ಲ. ಭೂಮಿ ಕಳೆದುಕೊಂಡವರೆಲ್ಲ ದೊಡ್ಡ ಸಾಹುಕಾರರಲ್ಲ. ಎರಡು ಮೂರು ಎಕರೆ ಗೇಣಿಗೆ ಕೊಟ್ಟು ಅದರ ಮೇಲೆ ಬದುಕಿದ್ದ ವಿಧವೆಯರು, ವಯಸ್ಸಾದವರು, ದೂರದ ಊರಲ್ಲಿ ಸಣ್ಣ ನೌಕರಿಯಲ್ಲಿದ್ದವರೂ ಇದ್ದರು. ಪರಿಹಾರ ಗೊತ್ತಾದದ್ದು ಪೇಟೆಯ ಬೆಲೆಯ ಮೇಲೆ ಅಲ್ಲ, ಕಾಯ್ದೆಯ ಲೆಕ್ಕದ ಮೇಲೆ. ಅದೂ ಎಲ್ಲರಿಗೂ ಒಮ್ಮೆಗೇ ನಗದಾಗಿ ಕೈಗೆ ಬರಲಿಲ್ಲ. ಹೊಲವೂ ಹೋಯಿತು, ರೊಕ್ಕವೂ ಕಾಣಲಿಲ್ಲ ಎಂದು ನೊಂದುಕೊಂಡವರ ಮಾತು ಸುಳ್ಳಲ್ಲ. ಉಳುವವನ ಕಣ್ಣೀರು ಒರೆಸಿದ ಕಾಯ್ದೆ ಬಡ ಮಾಲಕನ ಕಣ್ಣೀರಿಗೆ ಅಷ್ಟೇ ಬೇಗ ಕೈ ಚಾಚಲಿಲ್ಲ. ಖರೇ ಹೇಳಬೇಕೆಂದರೆ ಅದೊಂದು ಕೊರತೆ.

ಅರಸು ಭೂಮಿಗೇ ನಿಲ್ಲಲಿಲ್ಲ. ಹಾವನೂರ ಆಯೋಗ ನೇಮಿಸಿದರು, ಜೀತ ಬಿಡಿಸಿದರು, ಬಡವರ ಸಾಲ ಮನ್ನಾ ಮಾಡಿಸಿದರು, ಮಲ ಹೊರುವ ಪದ್ಧತಿ ನಿಲ್ಲಿಸಲು ಹೊರಟರು. 1973ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು ಅವರ ಕಾಲದಲ್ಲೇ. 1980ರ ಜನವರಿಯಲ್ಲಿ ಅಧಿಕಾರ ಹೋಯಿತು. 1982ರ ಜೂನ್ 6ರಂದು ತೀರಿಕೊಂಡರು.

ಇಂದು ನಮ್ಮ ಕೊಳಾರದ ಬದಿಗೆ ಕೈಗಾರಿಕಾ ಪ್ರದೇಶವಿದೆ. ಕಾರ್ಖಾನೆಗೆ, ರಸ್ತೆಗೆ, ಕೆರೆಗೆ ಸರ್ಕಾರ ಭೂಮಿ ತೆಗೆದುಕೊಳ್ಳುವುದು ಬೇರೆ ಬೇರೆ ಕಾಯ್ದೆಗಳ ಪ್ರಕಾರ. 1894ರ ಹಳೇ ಭೂಸ್ವಾಧೀನ ಕಾಯ್ದೆ ಹೋಗಿ, 2013ರ ಕಾಯ್ದೆ 2014ರ ಜನವರಿ 1ರಿಂದ ಜಾರಿಗೆ ಬಂತು. ಅದರಲ್ಲಿ ಹೆಚ್ಚಿನ ಪರಿಹಾರದ ಜೊತೆ ಪುನರ್ವಸತಿಯ ಮಾತೂ ಇದೆ. ಆದರೆ ಯಾವ ಕಾಯ್ದೆಯೇ ಇರಲಿ, ಪರಿಹಾರ ಕೇಳಲು ಕೈಯಲ್ಲಿ ಕಾಗದ ಬೇಕು. ತಂದೆ ತೀರಿ ಹೋಗಿ ವರ್ಷಗಳಾದರೂ ಪಹಣಿಯಲ್ಲಿ ಅವರ ಹೆಸರೇ ಇದ್ದರೆ ನೋಟೀಸು ಯಾರಿಗೆ ಬರಬೇಕು, ರೊಕ್ಕ ಯಾರಿಗೆ ಸೇರಬೇಕು? ಆದ್ದರಿಂದ ಸದಸ್ಯ ಬಾಂಧವರು ವಾರಸಾ ಹಚ್ಚಿಸಿ ಪಹಣಿ ಸರಿ ಮಾಡಿಸಿಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇವೆ. ಅರಸು ಅವರಿಗೆ ನಾವು ಸಲ್ಲಿಸುವ ನಿಜವಾದ ಗೌರವ ಅದೇ.