ಕೌನಾಸಿನ ಕಾನ್ಸುಲ್ ಚಿಯುನೆ ಸುಗಿಹಾರ

ಮಕ್ಕಳನ್ನೋ ಮೊಮ್ಮಕ್ಕಳನ್ನೋ ನೋಡಲು ವಿದೇಶಕ್ಕೆ ಹೊರಟ ನಮ್ಮಲ್ಲಿ ಬಹುಮಂದಿ ಕಡತವನ್ನು ಎದೆಗವಚಿಕೊಂಡು ಕಾನ್ಸುಲೇಟಿನ ಸಾಲಿನಲ್ಲಿ ನಿಂತವರೇ. ಬ್ಯಾಂಕಿನ ಪಾಸ್‌ಬುಕ್ಕು, ಆಹ್ವಾನಪತ್ರ, ಮರಳಿ ಬರುವ ಟಿಕೇಟು, ಇವುಗಳಲ್ಲಿ ಒಂದು ಕಾಗದ ಕಡಿಮೆಯಾದರೂ ಅರ್ಜಿ ಹಿಂದಕ್ಕೆ ಬರುತ್ತದೆ. ಅದರಿಂದ ನಮಗಾಗುವ ನಷ್ಟ ಒಂದು ಪ್ರವಾಸದ್ದು. 1940ರ ಬೇಸಗೆಯಲ್ಲಿ ಲಿಥುವೇನಿಯಾದ ಕೌನಾಸ್ ನಗರದಲ್ಲಿ ಅಂಥದೇ ಸಾಲಿನಲ್ಲಿ ನಿಂತಿದ್ದವರಿಗೆ ಆಗಬಹುದಾಗಿದ್ದ ನಷ್ಟ ಪ್ರಾಣದ್ದು. ಅವರ ಅರ್ಜಿಗಳನ್ನು ನೋಡಬೇಕಾಗಿದ್ದವರು ಜಪಾನಿನ ಉಪಕಾನ್ಸುಲ್ ಚಿಯುನೆ ಸುಗಿಹಾರ.

1900ರ ಜನವರಿ 1ರಂದು ಜಪಾನಿನ ಗಿಫು ಪ್ರಾಂತ್ಯದಲ್ಲಿ ಜನಿಸಿದ ಸುಗಿಹಾರರು ವೈದ್ಯರಾಗಬೇಕೆಂಬುದು ತಂದೆಯ ಹಂಬಲವಾಗಿತ್ತು. ಮಗ ಪ್ರವೇಶ ಪರೀಕ್ಷೆಯಲ್ಲಿ ತನ್ನ ಹೆಸರನ್ನಷ್ಟೇ ಬರೆದು ಖಾಲಿ ಹಾಳೆಯನ್ನು ಕೊಟ್ಟು ಬಂದರು! ಮುಂದೆ ಟೋಕಿಯೋದ ವಾಸೆದಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ವಿದೇಶಾಂಗ ಇಲಾಖೆಯ ವಿದ್ಯಾರ್ಥಿವೇತನ ದೊರೆತು, ಚೀನಾದ ಹಾರ್ಬಿನ್ ನಗರದಲ್ಲಿ ರಷ್ಯನ್ ಭಾಷೆಯನ್ನು ಕಲಿತು ಪರಿಣತರಾದರು. ಮಂಚೂರಿಯಾದ ಆಡಳಿತದಲ್ಲಿ ಉನ್ನತ ಸ್ಥಾನದಲ್ಲಿದ್ದ ಅವರು, ಚೀನೀಯರನ್ನು ಜಪಾನೀಯರು ನಡೆಸಿಕೊಳ್ಳುತ್ತಿದ್ದ ರೀತಿಗೆ ಮನನೊಂದು 1935ರಲ್ಲಿ ಆ ಹುದ್ದೆಯನ್ನು ತೊರೆದರು.

1939ರಲ್ಲಿ ಅವರು ಕೌನಾಸಿಗೆ ಬಂದರು. ಹೆಸರಿಗೆ ಕಾನ್ಸುಲೇಟು; ಮುಖ್ಯ ಕೆಲಸ ಜರ್ಮನ್ ಮತ್ತು ಸೋವಿಯತ್ ಸೇನೆಗಳ ಚಲನವಲನವನ್ನು ಗಮನಿಸಿ ವರದಿ ಕಳುಹಿಸುವುದು. ಅದೇ ವರ್ಷ ಹಿಟ್ಲರನ ಸೇನೆ ಪೋಲೆಂಡನ್ನು ಆಕ್ರಮಿಸಿತು. ಅಲ್ಲಿಂದ ಸಾವಿರಾರು ಯಹೂದ್ಯರು ಲಿಥುವೇನಿಯಾಕ್ಕೆ ಓಡಿಬಂದರು. 1940ರ ಜೂನಿನಲ್ಲಿ ಲಿಥುವೇನಿಯಾವೂ ಸೋವಿಯತ್ ವಶವಾಗಿ, ಕಾನ್ಸುಲೇಟುಗಳನ್ನು ಮುಚ್ಚಬೇಕೆಂಬ ಆದೇಶವಾಯಿತು. ಪಶ್ಚಿಮದ ದಾರಿಯನ್ನು ಯುದ್ಧ ಮುಚ್ಚಿತ್ತು. ಉಳಿದದ್ದು ಸೈಬೀರಿಯಾವನ್ನು ದಾಟಿ ಜಪಾನಿಗೆ ಹೋಗುವ ದಾರಿಯೊಂದೇ.

ಜಪಾನನ್ನು ಹಾದುಹೋಗುವ ಟ್ರಾನ್ಸಿಟ್ ವೀಸಾ ಪಡೆಯಲು ಮುಂದಿನ ದೇಶದ ಪ್ರವೇಶಪತ್ರವೂ ಕೈಯಲ್ಲಿ ಸಾಕಷ್ಟು ಹಣವೂ ಇರಬೇಕಿತ್ತು. ನಿರಾಶ್ರಿತರಿಗೆ ಪ್ರವೇಶ ಕೊಡುವ ದೇಶ ಯಾವುದು? ಈ ತೊಡಕನ್ನು ಬಿಡಿಸಿದವರಲ್ಲಿ ಫಿಲಿಪ್ಸ್ ಕಂಪನಿಯ ಪ್ರತಿನಿಧಿಯೂ ನೆದರ್ಲೆಂಡ್ಸಿನ ಗೌರವ ಕಾನ್ಸುಲರೂ ಆಗಿದ್ದ ಯಾನ್ ಜ್ವಾರ್ಟೆಂಡಿಕ್ ಮುಖ್ಯರು. ಡಚ್ಚರ ವಶದಲ್ಲಿದ್ದ ಕೆರಿಬಿಯನ್ ದ್ವೀಪ ಕುರಸಾವ್‌ಗೆ ಹೋಗಲು ವೀಸಾ ಬೇಕಿರಲಿಲ್ಲ, ಅಲ್ಲಿನ ಗವರ್ನರರ ಅನುಮತಿ ಬೇಕಿತ್ತು. ಜ್ವಾರ್ಟೆಂಡಿಕ್ ಮೊದಲ ಅರ್ಧವನ್ನು ಮಾತ್ರ ಬರೆದು ಮುದ್ರೆಯೊತ್ತಿದರು. ಅದು ಸುಳ್ಳಲ್ಲ, ಪೂರ್ಣ ಸತ್ಯವೂ ಅಲ್ಲ. ಆ ಅರೆಸತ್ಯದ ಕಾಗದವನ್ನೇ ಸುಗಿಹಾರರು ಸಾಕೆಂದು ಒಪ್ಪಿಕೊಂಡರು.

ಅವರೇನೂ ನಿಯಮವನ್ನು ಅರಿಯದವರಲ್ಲ. ಟೋಕಿಯೋಗೆ ಮೂರು ಬಾರಿ ತಂತಿ ಕಳುಹಿಸಿ ಅನುಮತಿ ಬೇಡಿದರು. ಮೂರು ಬಾರಿಯೂ ನಿರಾಕರಣೆಯೇ ಬಂದಿತು. ಮನೆಯಲ್ಲಿ ಪತ್ನಿ ಯುಕಿಕೊ, ಎಳೆಯ ಮಕ್ಕಳು. ನೌಕರಿ ಹೋದರೆ ಸಂಸಾರದ ಗತಿಯೇನೆಂಬ ಚಿಂತೆ ಅವರಿಗೂ ಇದ್ದಿರಲೇಬೇಕು. ಆದರೂ ಬರೆಯತೊಡಗಿದರು. ಜುಲೈ ಕೊನೆಯಿಂದ ಸುಮಾರು ಒಂದು ತಿಂಗಳು ಬೆಳಗಿನಿಂದ ರಾತ್ರಿಯವರೆಗೆ ವೀಸಾಗಳನ್ನು ಕೈಯಿಂದಲೇ ಬರೆದರು. ಕಾನ್ಸುಲೇಟು ಮುಚ್ಚಿದ ಬಳಿಕ ಹೋಟೆಲಿನಲ್ಲಿಯೂ, ಸೆಪ್ಟೆಂಬರ್ ಮೊದಲಲ್ಲಿ ಊರು ಬಿಡುವಾಗ ರೈಲು ನಿಲ್ದಾಣದಲ್ಲಿಯೂ ಬರೆದರು. ಅವರ ಪಟ್ಟಿಯಲ್ಲಿ 2,100ಕ್ಕೂ ಹೆಚ್ಚು ಹೆಸರುಗಳಿವೆ. ಒಂದು ವೀಸಾದಲ್ಲಿ ಇಡೀ ಕುಟುಂಬ ಸಾಗಬಹುದಾಗಿದ್ದುದರಿಂದ ಪಾರಾದವರು 6,000 ಎಂದು ಹೇಳುವ ರೂಢಿಯಿದೆ. ಕೆಲವರು ಹೊರಡಲಾಗದೆ ಅಲ್ಲಿಯೇ ಉಳಿದರೆಂಬುದನ್ನೂ ಮರೆಯಬಾರದು. 1941ರ ಜೂನಿನಲ್ಲಿ ಜರ್ಮನ್ನರು ಬಂದ ಮೇಲೆ ಲಿಥುವೇನಿಯಾದ ಯಹೂದ್ಯರಲ್ಲಿ ಬಹುಪಾಲು ಹತರಾದರು.

ಹೊರಟವರು ರೈಲಿನಲ್ಲಿ ವ್ಲಾಡಿವಾಸ್ತೋಕನ್ನು ಸೇರಿ, ಹಡಗಿನಲ್ಲಿ ಜಪಾನಿನ ತ್ಸುರುಗಾ ಬಂದರಿಗೆ ಬಂದು ಕೋಬೆಯಲ್ಲಿ ತಂಗಿದರು. ಅನೇಕರನ್ನು ಮುಂದೆ ಶಾಂಘೈಗೆ ಕಳುಹಿಸಲಾಯಿತು. ಪೋಲೆಂಡಿನ ಪ್ರಸಿದ್ಧ ಮೀರ್ ಯಹೂದಿ ಪಾಠಶಾಲೆಯ ಗುರುಶಿಷ್ಯರೂ ಅವರಲ್ಲಿದ್ದರು.

ಯುದ್ಧಾನಂತರ ಸುಗಿಹಾರ ಕುಟುಂಬವು ಸೋವಿಯತ್ ಬಂಧನದಲ್ಲಿದ್ದು 1947ರಲ್ಲಿ ಸ್ವದೇಶಕ್ಕೆ ಮರಳಿತು. ಆ ವರ್ಷವೇ ಇಲಾಖೆ ಅವರಿಂದ ರಾಜೀನಾಮೆ ಪಡೆಯಿತು. ಸಿಬ್ಬಂದಿ ಕಡಿತವೆಂಬುದು ಇಲಾಖೆಯ ಸಮಜಾಯಿಷಿ; ವೀಸಾ ಕೊಟ್ಟದ್ದಕ್ಕೆ ದಂಡವೆಂಬುದು ಕುಟುಂಬದ ನಂಬಿಕೆ. ನಮಗೆ ಕುಟುಂಬದ ಮಾತೇ ಹೆಚ್ಚು ಸರಿಯೆನಿಸುತ್ತದೆ. ಕಿರಿಯ ಮಗನೂ ಅದೇ ವರ್ಷ ತೀರಿಕೊಂಡನು. ಸಿಕ್ಕಿದ ಕೆಲಸಗಳನ್ನು ಮಾಡಿಕೊಂಡು, ಬಳಿಕ ವ್ಯಾಪಾರಿ ಸಂಸ್ಥೆಯೊಂದರ ಪರವಾಗಿ ಮಾಸ್ಕೋದಲ್ಲಿ ಹಲವು ವರ್ಷ ಒಂಟಿಯಾಗಿ ದುಡಿದರು. ವಿದೇಶೀಯರಿಗೆ ಉಚ್ಚರಿಸಲು ಸುಲಭವೆಂದು ತಮ್ಮ ಹೆಸರನ್ನು ಸೆಂಪೊ ಎಂದು ಹೇಳುತ್ತಿದ್ದುದರಿಂದ, ಬದುಕುಳಿದವರು ಅವರನ್ನು ಹುಡುಕಿದರೂ ಬಹುಕಾಲ ಸಿಗಲಿಲ್ಲ. 1968ರಲ್ಲಿ ಟೋಕಿಯೋದ ಇಸ್ರೇಲ್ ರಾಯಭಾರ ಕಚೇರಿಯಲ್ಲಿದ್ದ ಯೆಹೋಷುವ ನಿಶ್ರಿ ಅವರನ್ನು ಪತ್ತೆಮಾಡಿದರು. ಕೌನಾಸಿನ ಸಾಲಿನಲ್ಲಿ ನಿಂತವರಲ್ಲಿ ನಿಶ್ರಿಯೂ ಒಬ್ಬರು.

1985ರಲ್ಲಿ ಇಸ್ರೇಲಿನ ಗೌರವ ಪ್ರದಾನವಾದಾಗ ಅನಾರೋಗ್ಯದಿಂದ ಅವರು ಹೋಗಲಾಗಲಿಲ್ಲ. ಪತ್ನಿ ಮತ್ತು ಮಗ ಸ್ವೀಕರಿಸಿದರು. 1986ರ ಜುಲೈ 31ರಂದು ಅವರು ನಿಧನರಾದರು. ಜಪಾನ್ ಸರಕಾರದ ಪರವಾಗಿ ವಿದೇಶಾಂಗ ಸಚಿವರು ಕುಟುಂಬದ ಕ್ಷಮೆ ಕೋರಿದ್ದು 2000ದಲ್ಲಿ. ಕೌನಾಸಿನಲ್ಲಿ ಅವರು ವೀಸಾ ಬರೆದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ.