ಸಮುರಾಯ್ ಕತ್ತಿ ಕೊಂಡ ನವಾಬ: ಮೂರನೇ ಸಾಲಾರ್ ಜಂಗ್



ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಮನೆ ಆದಿತ್ಯನಗರ. ಜಪಾನಿನ ಸಮುರಾಯ್ ಕಾಮಿಕ್ಸ್ ಎಂದರೆ ನನಗೆ ಹುಚ್ಚು ಎಂಬುದು ನನ್ನ ಬೆಂಚಿನವರಿಗೆಲ್ಲ ಗೊತ್ತು. ಅಂಥ ಚಿತ್ರಕಥೆಗಳನ್ನು ಜಪಾನಿನಲ್ಲಿ ಮಾಂಗಾ ಎನ್ನುತ್ತಾರೆ. ಕಝುವೊ ಕೊಯಿಕೆ ಬರೆದು ಗೋಸೆಕಿ ಕೊಜಿಮಾ ಚಿತ್ರ ಬರೆದ ‘ಲೋನ್ ವುಲ್ಫ್ ಅಂಡ್ ಕಬ್’ 1970ರಲ್ಲಿ ಶುರುವಾಗಿ 1976ರವರೆಗೆ ನಡೆಯಿತು. ಪುಟ್ಟ ಮಗನನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಊರೂರು ಅಲೆಯುವ ಸಮುರಾಯ್ ಒಬ್ಬನ ಕಥೆ ಅದು.

ಇಂಥ ಪುಸ್ತಕಗಳ ಹಳೆಯ ಪ್ರತಿಗಳನ್ನು ಚಿನ್ನದ ಹಾಗೆ ಕೂಡಿಡುವವರಿದ್ದಾರೆ. ಮೊದಲ ಮುದ್ರಣವಾಗಿದ್ದರೆ, ಹೊದಿಕೆಯ ಮೇಲೆ ಸುತ್ತಿದ ಕಾಗದದ ಪಟ್ಟಿಯೂ ಹಾಗೇ ಉಳಿದಿದ್ದರೆ ಬೆಲೆ ಹೆಚ್ಚು. ನನ್ನ ಬಳಿ ಈದಿ ಮತ್ತು ಸ್ಕಾಲರ್‌ಶಿಪ್ ಸೇರಿ ಒಂಬತ್ತು ಸಾವಿರ ರೂಪಾಯಿ ಇತ್ತು. ಅದರಲ್ಲಿ ಹಳೆಯ ಪ್ರತಿಗಳನ್ನು ಕೊಂಡು, ಮುಂದೆ ಡಿಗ್ರಿಗೆ ಸೇರುವಾಗ ದುಪ್ಪಟ್ಟು ಬೆಲೆಗೆ ಮಾರಬೇಕೆಂದು ಲೆಕ್ಕ ಹಾಕಿದೆ. ಅಬ್ಬಾ ಬೇಡ ಎನ್ನಲಿಲ್ಲ. ಜೀವನವಿಡೀ ವಸ್ತು ಕೂಡಿಸಿದ ಒಬ್ಬರ ಮನೆಯನ್ನು ಮೊದಲು ನೋಡು, ಆಮೇಲೆ ದುಡ್ಡು ಹಾಕು ಎಂದರು. ಒಂದು ಭಾನುವಾರ ಸೇಡಂನಲ್ಲಿ ರೈಲು ಹತ್ತಿ, ತಾಂಡೂರು, ವಿಕಾರಾಬಾದ್ ದಾಟಿ ಹೈದರಾಬಾದಿಗೆ ಹೋದೆವು. ಮೂಸಿ ನದಿಯ ದಂಡೆಯ ಸಾಲಾರ್ ಜಂಗ್ ಮ್ಯೂಸಿಯಂ ನೋಡಿಬಂದ ಮೇಲೆ ಆ ನವಾಬರ ಬಗ್ಗೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರು ಮೀರ್ ಯೂಸುಫ್ ಅಲಿ ಖಾನ್. ಹುಟ್ಟಿದ್ದು 1889ರ ಜೂನ್ 13ರಂದು, ಪುಣೆಯಲ್ಲಿ. ಮಗು ಹುಟ್ಟಿ ಒಂದು ತಿಂಗಳೂ ತುಂಬಿರಲಿಲ್ಲ, ತಂದೆ ಎರಡನೇ ಸಾಲಾರ್ ಜಂಗ್ ತೀರಿಕೊಂಡರು. ತಂದೆಯ ಮುಖ ನೋಡಿ ನೆನಪಿಟ್ಟುಕೊಳ್ಳುವ ಭಾಗ್ಯ ಆ ಮಗುವಿಗಿರಲಿಲ್ಲ. ಇದ್ದದ್ದು ಮನೆತನದ ದೊಡ್ಡ ಹೆಸರು. ಅಜ್ಜ ಮೊದಲನೇ ಸಾಲಾರ್ ಜಂಗ್ 1853ರಿಂದ 1883ರವರೆಗೆ, ಮೂವತ್ತು ವರ್ಷ, ಹೈದರಾಬಾದ್ ಸಂಸ್ಥಾನದ ದಿವಾನರಾಗಿದ್ದವರು. ಸಂಸ್ಥಾನದ ಕಂದಾಯ ವ್ಯವಸ್ಥೆಯನ್ನು ಸರಿಪಡಿಸಿ ಜಿಲ್ಲೆಗಳನ್ನು ಮಾಡಿದವರು ಅವರೇ. ನಾವು ಹೋದ ವಾಡಿ–ಸಿಕಂದರಾಬಾದ್ ರೈಲು ದಾರಿ ತೆರೆದದ್ದೂ ಅವರ ಕಾಲದಲ್ಲಿ, 1874ರಲ್ಲಿ. ವಸ್ತು ಕೊಳ್ಳುವ ಹವ್ಯಾಸವೂ ಅಜ್ಜನಿಂದಲೇ ಬಂದದ್ದು. ಮ್ಯೂಸಿಯಂನಲ್ಲಿ ಎಲ್ಲರೂ ನಿಂತು ನೋಡುವ, ಮುಸುಕು ಹೊದ್ದ ರೆಬೆಕ್ಕಾಳ ಅಮೃತಶಿಲೆಯ ಮೂರ್ತಿಯನ್ನು 1876ರಲ್ಲಿ ಇಟಲಿಯಿಂದ ತಂದವರು ಅಜ್ಜ.

ಏಳನೇ ನಿಜಾಮರು 1912ರಲ್ಲಿ ಮೊಮ್ಮಗನನ್ನೂ ದಿವಾನರನ್ನಾಗಿ ನೇಮಿಸಿದರು. ಆಗ ಅವರಿಗೆ ಇಪ್ಪತ್ಮೂರು ವರ್ಷ. ಎರಡೇ ವರ್ಷದಲ್ಲಿ, 1914ರಲ್ಲಿ, ಅವರು ಆ ಹುದ್ದೆ ಬಿಟ್ಟರು. ಅಧಿಕಾರ ಹೋಯಿತು, ಆದರೆ ಆಸ್ತಿ ಉಳಿದಿತ್ತು. ಅಲ್ಲಿಂದ ಮುಂದಿನ ಮೂವತ್ತೈದು ವರ್ಷ ಅವರು ಕೊಂಡದ್ದೇ ಕೊಂಡದ್ದು. ಯುರೋಪಿಗೆ ಹೋಗಿ ಕೊಂಡರು, ಮಧ್ಯವರ್ತಿಗಳ ಮೂಲಕ ತರಿಸಿದರು, ಮನೆ ಬಾಗಿಲಿಗೆ ಬಂದ ವ್ಯಾಪಾರಿಗಳಿಂದಲೂ ಕೊಂಡರು. ಅರಬ್ಬಿ, ಫಾರಸಿ, ಉರ್ದು ಹಸ್ತಪ್ರತಿಗಳು, ಕುರ್‌ಆನ್ ಪ್ರತಿಗಳು, ಮೊಘಲರ ಕಠಾರಿಗಳು, ಚೀನಾದ ಪಿಂಗಾಣಿ, ಗಂಟೆ ಬಾರಿಸಲು ಪುಟ್ಟ ಗೊಂಬೆ ಹೊರಬರುವ ಗಡಿಯಾರ ಎಲ್ಲವೂ ಅವರ ದಿವಾನ್ ದೇವಡಿ ಅರಮನೆ ಸೇರಿದವು. ಕಲಾವಸ್ತುಗಳೇ ನಲವತ್ತು ಸಾವಿರಕ್ಕೂ ಹೆಚ್ಚು.

ಜಪಾನಿನ ವಿಭಾಗಕ್ಕೆ ಬಂದಾಗ ನನ್ನ ಕಾಲು ನಿಂತುಬಿಟ್ಟವು. ಗಾಜಿನ ಹಿಂದೆ ಸಮುರಾಯ್ ಕತ್ತಿಗಳು! ಕಾಮಿಕ್ಸ್ ಪುಟದಲ್ಲಿ ಕಪ್ಪು ಮಸಿಯ ಗೆರೆಯಾಗಿ ಕಂಡ ಕತ್ತಿ ಇಲ್ಲಿ ಉಕ್ಕಾಗಿ ಕಣ್ಣ ಮುಂದಿತ್ತು. ನಮ್ಮ ಸೀಮೆಯ ನವಾಬರೊಬ್ಬರು ನನಗಿಂತ ಎಷ್ಟೋ ವರ್ಷ ಮೊದಲೇ ಇವುಗಳ ಮೇಲೆ ಮನಸ್ಸಿಟ್ಟಿದ್ದರು ಎಂದು ತಿಳಿದು ಖುಷಿಯಾಯಿತು. ಇದರ ಬೆಲೆ ಈಗ ಎಷ್ಟಿರಬಹುದು ಎಂದು ಅಬ್ಬಾರನ್ನು ಕೇಳಿದೆ. ಮಾರಾಟಕ್ಕಿಲ್ಲದ ವಸ್ತುವಿಗೆ ಬೆಲೆ ಹೇಗೆ ಹೇಳುವುದು ಎಂದು ಅವರು ನನ್ನನ್ನೇ ಕೇಳಿದರು.

ನವಾಬರ ಕಥೆಯಲ್ಲಿ ಇನ್ನೊಂದು ಮಾತನ್ನು ಬಿಡಬಾರದು. ಇಷ್ಟೆಲ್ಲ ಕೊಳ್ಳಲು ದುಡ್ಡು ಎಲ್ಲಿಂದ ಬಂತು? ಅವರ ಜಹಗೀರುಗಳಿಂದ. ನಮ್ಮ ಕೊಪ್ಪಳ ಸೀಮೆಯೂ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಕೊಪ್ಪಳದ ರೈತರು ಜೋಳ ಬೆಳೆದು ಕಟ್ಟಿದ ಕಂದಾಯವೂ ಆ ಗಾಜಿನ ಪೆಟ್ಟಿಗೆಗಳಲ್ಲಿದೆ. ಕೊಂಡದ್ದೆಲ್ಲ ಅಪರಂಜಿಯೂ ಅಲ್ಲ. ಯುರೋಪಿನ ಪ್ರಸಿದ್ಧ ಕೃತಿಗಳನ್ನು ನೋಡಿ ಮಾಡಿದ ನಕಲುಗಳೂ ಅಲ್ಲಿವೆ. ಅಷ್ಟು ಹಣ, ಅಷ್ಟು ಅನುಭವ ಇದ್ದವರ ಸಂಗ್ರಹದಲ್ಲೇ ನಕಲುಗಳಿದ್ದರೆ, ಫೋಟೋ ನೋಡಿ ದುಡ್ಡು ಕಳಿಸಲು ಹೊರಟ ನನ್ನ ಗತಿ ಏನು ಎಂದು ಅಲ್ಲಿಯೇ ಹೆದರಿಕೆಯಾಯಿತು.

ಅವರು ಮದುವೆಯಾಗಲಿಲ್ಲ. 1949ರ ಮಾರ್ಚ್ 2ರಂದು ತೀರಿಕೊಂಡಾಗ ಇಷ್ಟೊಂದು ವಸ್ತುಗಳಿಗೆ ಮಕ್ಕಳೆಂಬ ವಾರಸುದಾರರಿರಲಿಲ್ಲ. ಒಂದೊಂದಾಗಿ ಹರಾಜಾಗಿ ದೇಶ ದೇಶಕ್ಕೆ ಚದುರಿಹೋಗಬಹುದಾಗಿದ್ದ ಸಂಗ್ರಹ ಒಟ್ಟಿಗೇ ಉಳಿಯಿತು. 1951ರ ಡಿಸೆಂಬರ್ 16ರಂದು ದಿವಾನ್ ದೇವಡಿಯಲ್ಲೇ ಪಂಡಿತ್ ನೆಹರೂ ಅವರು ಮ್ಯೂಸಿಯಂ ಉದ್ಘಾಟಿಸಿದರು. 1958ರಲ್ಲಿ ನವಾಬರ ಬಂಧುಗಳು ಹೈಕೋರ್ಟಿನ ಮೂಲಕ ರಾಜಿಯಾಗಿ ಸಂಗ್ರಹವನ್ನು ಭಾರತ ಸರ್ಕಾರಕ್ಕೆ ಬಿಟ್ಟುಕೊಟ್ಟರು. 1961ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಕಾಯ್ದೆ ಮಾಡಿತು. 1968ರಲ್ಲಿ ಅದು ಈಗಿನ ಕಟ್ಟಡಕ್ಕೆ ಬಂತು. ಹೀಗೆ, ಕೊಪ್ಪಳದ ರೈತನ ಮೊಮ್ಮಗ ಇವತ್ತು ಒಂದು ಟಿಕೆಟ್ ತೆಗೆದುಕೊಂಡು ಒಳಗೆ ಹೋದರೆ, ಅದೆಲ್ಲ ಅವನದೂ ಹೌದು.

ವಾಪಸ್ ಬರುವಾಗ ರೈಲಿನಲ್ಲಿ ನನ್ನ ಲೆಕ್ಕವನ್ನು ಮತ್ತೆ ಹಾಕಿದೆ. ಹಳೆಯ ಕಾಮಿಕ್ಸಿನ ಕಾಗದ ಅಗ್ಗದ್ದು, ಬೇಗ ಹಳದಿಯಾಗಿ ಪುಡಿಯಾಗುತ್ತದೆ. ನಮ್ಮ ಕಾಲೊನಿಯ ಬೇಸಿಗೆ, ಧೂಳು ನಿಮಗೆ ಗೊತ್ತೇ ಇದೆ. ಮಾರಬೇಕಾದ ದಿನ ಕೊಳ್ಳುವವರು ಸಿಗಬೇಕು, ಸಿಗದಿದ್ದರೆ ಡಿಗ್ರಿ ಫೀಸಿನ ಕೊನೆಯ ತಾರೀಖು ನನಗಾಗಿ ಕಾಯುವುದಿಲ್ಲ. ನವಾಬರು ಕೊಳ್ಳುವಾಗ ಅವರಿಗೆ ಆ ದುಡ್ಡು ನಾಳೆ ಬೇಕಾಗಿರಲಿಲ್ಲ. ನನಗೆ ಬೇಕು.

ಎಂಟು ಸಾವಿರವನ್ನು ಅಂಚೆ ಕಚೇರಿಯ ಉಳಿತಾಯ ಖಾತೆಗೆ ಹಾಕಿದೆ. ಉಳಿದದ್ದರಲ್ಲಿ ‘ಲೋನ್ ವುಲ್ಫ್ ಅಂಡ್ ಕಬ್’ನ ಇಂಗ್ಲಿಷ್ ಅನುವಾದದ ಒಂದು ಸಂಪುಟ ತರಿಸಿದೆ. ಅದು ಮೊದಲ ಮುದ್ರಣವಲ್ಲ, ಮಾರಿದರೆ ಹೆಚ್ಚು ಬೆಲೆಯೂ ಬರದು. ಈಗ ಅದು ತರಗತಿಯಲ್ಲಿ ಐದನೆಯವರ ಕೈಯಲ್ಲಿದೆ. ಓದಬೇಕೆನ್ನುವವರು ನನ್ನ ಬಳಿ ಹೆಸರು ಬರೆಸಿರಿ. ಹೈದರಾಬಾದಿಗೆ ಹೋದರೆ ಮ್ಯೂಸಿಯಂ ನೋಡದೆ ಬರಬೇಡಿ. ಶುಕ್ರವಾರ ರಜೆ ಎಂಬುದು ನೆನಪಿರಲಿ.