ಗಣಿ ಧಣಿ ತಂದ ಗೇಣಿ ಕಾಯ್ದೆ: ಭಾವೂಸಾಹೇಬ ಬಾಂದೋಡಕರ

ಪಣಜಿಯಿಂದ ಮಾಂಡವಿ ಸೇತುವೆ ದಾಟಿದರೆ ಪರ್ವರಿ ಗುಡ್ಡದ ಮೇಲೆ ಗೋವಾ ವಿಧಾನಸಭೆ. ಅದರತ್ತ ಕೈ ತೋರಿಸಿ, ಅಲ್ಲಿ ಆಗುವ ಕಾನೂನೆಲ್ಲ ಉಳ್ಳವರಿಗೇ ಎಂದು ನಮ್ಮ ಬಾಂಧವರು ಹೇಳುವುದುಂಟು. ಹಾಗೆ ಅನ್ನುವ ಮೊದಲು ಗೋವಾದ ಮೊದಲ ಮುಖ್ಯಮಂತ್ರಿ ದಯಾನಂದ ಬಾಂದೋಡಕರರ ಬದುಕನ್ನು ಒಮ್ಮೆ ನೋಡೋಣ. ಪರ್ವರಿಯ ಈ ಕಟ್ಟಡ ಅವರು ಕಂಡದ್ದಲ್ಲ. ಇದು ತೆರೆದದ್ದು 2000ರಲ್ಲಿ. ಅವರ ಕಾಲದಲ್ಲಿ ಸಭೆ ಸೇರುತ್ತಿದ್ದುದು ಪಣಜಿಯ ಹಳೆಯ ಆದಿಲ್‌ಶಾಹಿ ಅರಮನೆಯಲ್ಲಿ.

ಭಾವೂಸಾಹೇಬರು ಹುಟ್ಟಿದ್ದು 1911ರ ಮಾರ್ಚ್ 12ರಂದು, ಪೆಡಣೆಯಲ್ಲಿ. ಪೋರ್ಚುಗೀಸರ ಕಾಲದಲ್ಲೇ ಕಬ್ಬಿಣದ ಅದಿರಿನ ಗಣಿಗಳಿಂದ ದೊಡ್ಡ ಶ್ರೀಮಂತರಾದರು. ಆದರೆ ಅವರ ಬೆನ್ನಿಗೆ ನಿಂತವರು ಧಣಿಗಳಲ್ಲ, ಬಹುಜನ ಸಮಾಜದ ಗೇಣಿದಾರರು ಮತ್ತು ಮುಂಡಕಾರರು. ಮುಂಡಕಾರರೆಂದರೆ ಭಾಟಕಾರನ, ಅಂದರೆ ಭೂಮಾಲೀಕನ, ಜಾಗದಲ್ಲಿ ಅವನ ಒಪ್ಪಿಗೆಯಿಂದ ಮನೆ ಮಾಡಿಕೊಂಡಿದ್ದವರು. 1963ರ ಡಿಸೆಂಬರ್ ಚುನಾವಣೆಯಲ್ಲಿ ಇವರ ಮತದಿಂದ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷ ಗೆದ್ದಿತು.

ಮರುವರ್ಷವೇ ಕೃಷಿ ಗೇಣಿ ಕಾಯ್ದೆ ಬಂತು. ಗೇಣಿದಾರನನ್ನು ಮನಸ್ಸಿಗೆ ಬಂದಂತೆ ಎಬ್ಬಿಸುವಂತಿಲ್ಲ; ಗೇಣಿ ಬೆಳೆಯ ಆರನೇ ಒಂದು ಪಾಲು ಮೀರುವಂತಿಲ್ಲ. ಭತ್ತದ ಗದ್ದೆಯವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಫಾರಂ 7 ತುಂಬಿದ ಮನೆತನಗಳು ನಮ್ಮಲ್ಲೂ ಬಹಳ ಇವೆ. ದೇವರಾಜ ಅರಸರ ಕಾಲದ ಆ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ, ಗೋವಾದ ಕಾಯ್ದೆಯಾಗಿ ಹತ್ತು ವರ್ಷದ ಮೇಲೆ. ಹಳ್ಳಿಹಳ್ಳಿಗೆ ಪ್ರಾಥಮಿಕ ಶಾಲೆ ತಂದದ್ದೂ ಭಾವೂಸಾಹೇಬರೇ.

ಗೋವಾ ಮಹಾರಾಷ್ಟ್ರಕ್ಕೆ ಸೇರಲಿ ಎಂಬ ಅವರ ಹಟ ಮಾತ್ರ ಗಡಿ ಕನ್ನಡಿಗರಾದ ನಮಗೆ ಒಪ್ಪುವಂಥದ್ದಲ್ಲ. ಗೋವಾದವರೂ ಒಪ್ಪಲಿಲ್ಲ. 1967ರ ಜನವರಿ 16ರ ಜನಮತದಲ್ಲಿ ವಿಲೀನದ ಪರ 1,38,170, ವಿರುದ್ಧ 1,72,191 ಮತ ಬಿದ್ದವು. ಆದರೂ ಕೆಲವೇ ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಜನ ಅವರನ್ನೇ ಮತ್ತೆ ಗೆಲ್ಲಿಸಿದರು. ವಿಲೀನ ಬೇಡ, ಭಾವೂಸಾಹೇಬ ಬೇಕು ಎಂಬ ಲೆಕ್ಕ ನಮಗಂತೂ ಬಹಳ ಜಾಣತನದ್ದಾಗಿ ಕಾಣುತ್ತದೆ.

ಅಧಿಕಾರದಲ್ಲಿರುವಾಗಲೇ, 1973ರ ಆಗಸ್ಟ್ 12ರಂದು ತೀರಿಕೊಂಡರು. ಮಿರಾಮಾರ್ ಕಡಲದಂಡೆಯಲ್ಲಿ ಅವರ ಸಮಾಧಿ ಇದೆ. ಮಗಳು ಶಶಿಕಲಾ ಕಾಕೋಡಕರ ಮುಖ್ಯಮಂತ್ರಿಯಾಗಿ 1975ರಲ್ಲಿ ಮುಂಡಕಾರರ ರಕ್ಷಣಾ ಕಾಯ್ದೆ, 1976ರಲ್ಲಿ ಉಳುವವನಿಗೇ ಭೂಮಿ ಕೊಡುವ ತಿದ್ದುಪಡಿ ತಂದರು.

ಆದರೆ ಈ ಕಾನೂನುಗಳು ಮುಟ್ಟಿದ್ದು ಭಾಟಕಾರನ ಗದ್ದೆಯನ್ನು, ಮನೆಯ ಅಡಿಯ ನೆಲವನ್ನು. ಗಣಿ ಧಣಿಗಳ ಗುಡ್ಡ ಹಾಗೇ ಉಳಿಯಿತು. ಗಣಿ ಕಾನೂನು ಕೇಂದ್ರದ್ದು ಎಂಬುದು ನಿಜ. ಪೋರ್ಚುಗೀಸರು ಕೊಟ್ಟ ಗಣಿ ಹಕ್ಕುಗಳನ್ನು ಕೇಂದ್ರ ರದ್ದು ಮಾಡಿದ್ದು 1987ರಲ್ಲಿ, ಅದೂ ಅದೇ ಮಾಲೀಕರಿಗೆ ಲೀಸ್ ಎಂದು ಮಾಡಿಕೊಟ್ಟು.

ಇನ್ನು ವಿಜಯಪುರ, ಬಾಗಲಕೋಟೆ, ಗದಗದ ಕಡೆಯಿಂದ ದುಡಿಯಲು ಬಂದ ನಮ್ಮವರ ಮಾತು. ಮುಂಡಕಾರ ಯಾರು ಎಂದು ಹೇಳುವ ಕಲಮಿನಲ್ಲೇ ಯಾರು ಅಲ್ಲ ಎಂಬುದೂ ಇದೆ: ಮನೆಗೆ ಬಾಡಿಗೆ ಕೊಡುವವನು ಅಲ್ಲ, ಕಾರ್ಖಾನೆ ಅಥವಾ ಗಣಿಯಲ್ಲಿ ದುಡಿಯುತ್ತ ಅದರ ಮಾಲೀಕ ಕೊಟ್ಟ ಜಾಗದಲ್ಲೇ ಇರುವವನೂ ಅಲ್ಲ.